ಕತ್ತಿಯ ಬೆನ್ನು ಪಟ್ಟಿ ಬಿಟ್ಟು ಏಳಬಾರದು

ಈಚೆಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಊರು ಬೇರೆ, ಮಾತು ಬೇರೆ, ಕೇಳುವುದು ಅದನ್ನೇ: ‘ದಿನಾ ಚರ್ಮದ ಪಟ್ಟಿಗೆ ತಿಕ್ಕುತ್ತೇನೆ, ಆದರೂ ಕ್ಷೌರದ ಕತ್ತಿ ಮೊಂಡಾಗುತ್ತದೆ, ಯಾಕೆ?’ ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ. ಈ ಸಲ ಒಬ್ಬರಿಗೆ ಪೂರ್ತಿ ಉತ್ತರ ಬರೆಯುತ್ತೇನೆ, ಉಳಿದವರು ಅದನ್ನೇ ಓದಿಕೊಳ್ಳಿ. ನೊರೆ ಹೇಗೆ ಎಬ್ಬಿಸಬೇಕು, ಕತ್ತಿ ಹೇಗೆ ಮಡಚಬೇಕು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ ಇಟ್ಟುಕೊಂಡವರಿಗೆ ಪಟ್ಟಿಯೇ ಬೇಡ. ಬ್ಲೇಡ್ ಬದಲಿಸಿದರೆ ಮುಗಿಯಿತು.

ಹುಬ್ಬಳ್ಳಿ ವಿದ್ಯಾನಗರದ ಓದುಗರು: ಅಜ್ಜನ ಕಾಲದ ಜರ್ಮನಿ ಕತ್ತಿ ಇದೆ. ದಿನಾ ಮುಂಜಾನೆ ನೂರು ಸಲ ಪಟ್ಟಿಗೆ ತಿಕ್ಕುತ್ತೇನೆ, ಜೋರಾಗಿಯೇ. ಕಲ್ಲಿಗೆ ಹಿಡಿಸಿ ತಂದ ಮೇಲೆ ಹತ್ತು ದಿನ ಚಲೋ ಇರುತ್ತದೆ. ಆಮೇಲೆ ಕೂದಲು ಕಿತ್ತಂತಾಗುತ್ತದೆ. ಕತ್ತಿ ಹೋಯಿತೇನ್ರೀ?

ಕತ್ತಿ ಹೋಗಿಲ್ಲ. ಮಂಗಳವಾರ ಅಂಗಡಿ ಮುಚ್ಚಿರುತ್ತದೆ, ಕತ್ತಿ ಕೆಲಸಕ್ಕೆ ನಾನು ಇಟ್ಟುಕೊಂಡ ದಿನ ಅದೇ. ಅವತ್ತು ಬನ್ನಿ, ಪಟ್ಟಿಯನ್ನೂ ತನ್ನಿ ಎಂದು ಅವರಿಗೆ ಹೇಳಿದ್ದೆ. ಬಂದರು. ನಾನು ಮೊದಲು ನೋಡಿದ್ದು ಪಟ್ಟಿಯನ್ನು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ನಡುವೆ ಒಂದು ಗೀರೂ ಇಲ್ಲ, ಕನ್ನಡಿಯಂಥ ಚರ್ಮ. ಎರಡೂ ತುದಿಗಳಲ್ಲಿ ಮಾತ್ರ, ನಾಲ್ಕು ಬೆರಳಿನಷ್ಟು ಜಾಗದಲ್ಲಿ, ಉಗುರಿನಿಂದ ಗೀರಿದ ಹಾಗೆ ಹದಿನೈದಿಪ್ಪತ್ತು ಸಣ್ಣ ಕಚ್ಚುಗಳು. ಅಷ್ಟು ನೋಡಿದರೆ ಸಾಕು, ಅವರ ಕೈ ಎಲ್ಲಿ ತಪ್ಪುತ್ತಿದೆ ಎಂದು ತಿಳಿಯುತ್ತದೆ. ತಪ್ಪುತ್ತಿರುವುದು ಎಳೆಯುವಾಗ ಅಲ್ಲ, ತಿರುಗಿಸುವಾಗ.

ಕತ್ತಿಯನ್ನು ಪಟ್ಟಿಯ ಮೇಲೆ ಎಳೆಯುವಾಗ ಬೆನ್ನು (ದಪ್ಪ ಬದಿ) ಮುಂದೆ, ಬಾಯಿ (ಹರಿತದ ಬದಿ) ಹಿಂದೆ. ಇದು ಎಲ್ಲರಿಗೂ ಗೊತ್ತು. ತುದಿಗೆ ಬಂದ ಮೇಲೆ ಮಗ್ಗುಲು ಬದಲಿಸಬೇಕಲ್ವಾ? ಅಲ್ಲಿ ಜನ ಅವಸರ ಮಾಡುತ್ತಾರೆ. ಕತ್ತಿ ಪೂರ್ತಿ ನಿಲ್ಲುವ ಮೊದಲೇ ಮಣಿಕಟ್ಟು ತಿರುವುತ್ತಾರೆ. ಬೆನ್ನು ಮೇಲೇಳುತ್ತದೆ, ಬಾಯಿ ಮಾತ್ರ ಚರ್ಮಕ್ಕೆ ಕಚ್ಚಿಕೊಂಡು ಒಂದು ನೂಲಿನಷ್ಟು ಜಾರುತ್ತದೆ. ನೂರು ಸಲ ತಿಕ್ಕಿದರೆ ನೂರು ಸಲ ಜಾರುತ್ತದೆ. ನೀವು ಮೂವತ್ತೇ ಸಲ ತಿಕ್ಕಿದ್ದರೆ ನಿಮ್ಮ ಕತ್ತಿ ಹತ್ತು ದಿನದ ಬದಲು ತಿಂಗಳು ಬಾಳುತ್ತಿತ್ತು.

ಲೆಕ್ಕ ಹಾಕಿ ನೋಡಿ. ನಿಮ್ಮ ಕತ್ತಿಯ ಅಗಲ ಸುಮಾರು 16 ಮಿಲಿಮೀಟರ್, ಬೆನ್ನಿನ ದಪ್ಪ ನಾಲ್ಕೂವರೆ. ಬೆನ್ನು ಮತ್ತು ಬಾಯಿ ಎರಡೂ ಪಟ್ಟಿಗೆ ತಾಗಿದ್ದಾಗ ಒಂದೊಂದು ಬದಿಗೆ 8 ಡಿಗ್ರಿ, ಎರಡೂ ಸೇರಿ 16 ಡಿಗ್ರಿಯ ಕೋನ. ಬೆನ್ನು ಬರೀ 2 ಮಿಲಿಮೀಟರ್ ಎದ್ದರೆ ಆ ಬದಿಯ ಕೋನ 15ಕ್ಕೆ ಹೋಗುತ್ತದೆ, ಹೆಚ್ಚೂಕಡಿಮೆ ಎರಡು ಪಟ್ಟು. ಬಾಯಿಯ ಅಂಚು ಗಡ್ಡದ ಕೂದಲಿನ ನೂರರಲ್ಲಿ ಒಂದು ಪಾಲಿಗಿಂತಲೂ ತೆಳು. ಅದು ಅಷ್ಟು ಎತ್ತರದಲ್ಲಿ ಚರ್ಮಕ್ಕೆ ಉಜ್ಜಿದರೆ ದುಂಡಾಗದೆ ಇನ್ನೇನಾಗುತ್ತದೆ? ಅಡುಗೆಮನೆ ಚಾಕುವಿಗೆ ಕೋನವನ್ನು ನೀವು ಕೈಯಲ್ಲಿ ಹಿಡಿಯಬೇಕು. ಕ್ಷೌರದ ಕತ್ತಿಗೆ ಅದನ್ನು ಮಾಡಿದವನೇ ಬೆನ್ನಿನ ದಪ್ಪದಲ್ಲಿ ಕೋನ ಇಟ್ಟು ಕೊಟ್ಟಿದ್ದಾನೆ. ನೀವು ಬೆನ್ನು ಎತ್ತದಿದ್ದರೆ ಸಾಕು.

ಹಾಗಾದರೆ ತಿರುಗಿಸುವುದು ಹೇಗೆ? ತುದಿಗೆ ಬಂದು ನಿಲ್ಲಿ. ನಿಜವಾಗಿ ನಿಲ್ಲಿ. ಬೆನ್ನು ಪಟ್ಟಿಗೆ ತಾಗಿಯೇ ಇರಲಿ. ಹಿಡಿಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹೂಬತ್ತಿ ಹೊಸೆಯುವ ಹಾಗೆ ಉರುಳಿಸಿ. ಬಾಯಿ ಮೇಲಿನಿಂದ ಸುತ್ತಿಕೊಂಡು ಆ ಕಡೆ ಬಂದು ಮಲಗುತ್ತದೆ. ಮಣಿಕಟ್ಟು ಅಲ್ಲಾಡಬಾರದು. ನಮ್ಮಪ್ಪ ಇದನ್ನು ನನಗೆ ಕಲಿಸಿದ್ದು ಪಟ್ಟಿ ಇಲ್ಲದೆ. ಮೇಜಿನ ಅಂಚಿಗೆ ಒಂದು ಪೆನ್ಸಿಲ್ ಇಟ್ಟು ಬರೀ ಬೆರಳಲ್ಲಿ ಉರುಳಿಸು ಎಂದರು. ಎರಡು ವಾರ ಕತ್ತಿ ಮುಟ್ಟಗೊಡಲಿಲ್ಲ. ಆಗ ಸಿಟ್ಟು ಬಂದಿತ್ತು. ಈಗ ನನ್ನ ಹತ್ತಿರ ಕಲಿಯುವವರಿಗೂ ಪೆನ್ಸಿಲನ್ನೇ ಕೊಡುತ್ತೇನೆ.

ಎರಡನೆಯ ತಪ್ಪು, ಪಟ್ಟಿಯನ್ನು ಸಡಿಲ ಹಿಡಿದದ್ದು. ಕೊಕ್ಕೆಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿಯದಿದ್ದರೆ ಅದು ಬಟ್ಟೆ ಒಣಹಾಕಿದ ಹಗ್ಗದಂತೆ ಜೋತು ಬೀಳುತ್ತದೆ. ಕತ್ತಿ ಒತ್ತಿದಲ್ಲಿ ಚರ್ಮ ತಗ್ಗಿ, ಬಾಯಿಯ ಹಿಂದೆ ಮತ್ತೆ ಮೇಲೇಳುತ್ತದೆ, ಅಂಚನ್ನು ಸುತ್ತಿಕೊಂಡು ಉಜ್ಜುತ್ತದೆ. ಒತ್ತಡವೂ ಬೇಡ, ಕತ್ತಿಯ ಭಾರಕ್ಕಿಂತ ಒಂದಿಷ್ಟು ಜಾಸ್ತಿ ಇದ್ದರೆ ಸಾಕು. ಕೈ ನಿಲ್ಲದವರು ಚರ್ಮವನ್ನು ಸಾಗವಾನಿ ಹಲಗೆಗೆ ಅಂಟಿಸಿಕೊಳ್ಳಿ. ಜೋತು ಬೀಳುವ ಪ್ರಶ್ನೆಯೇ ಇಲ್ಲ.

ಮತ್ತೆ ಆ ವೇಗ. ಸಿನಿಮಾದಲ್ಲಿ ಫಟಫಟ ಅಂತ ಸದ್ದು ಮಾಡಿ ತಿಕ್ಕುವುದನ್ನು ನೋಡಿ ಎಷ್ಟು ಕತ್ತಿ ಹಾಳಾಗಿವೆಯೋ. ಫಟ್ ಎಂಬ ಸದ್ದು ಬಂತೆಂದರೆ ಕತ್ತಿ ಗಾಳಿಯಲ್ಲಿ ಎದ್ದು ಬಂದು ಬಡಿಯುತ್ತಿದೆ ಎಂದೇ ಅರ್ಥ. ಸರಿಯಾಗಿ ಎಳೆದರೆ ರೇಷ್ಮೆ ಸವರಿದಂತೆ ಸಣ್ಣ ‘ಸ್ಸ್’ ಸದ್ದು ಬರುತ್ತದೆ, ಅಷ್ಟೇ. ಮೊದಲು ದಪ್ಪ ಬಟ್ಟೆಯ ಪಟ್ಟಿಗೆ ಹೋಗಿ ಬಂದು ಇಪ್ಪತ್ತು, ಆಮೇಲೆ ಚರ್ಮಕ್ಕೆ ನಲವತ್ತು. ಇದಕ್ಕಿಂತ ಹೆಚ್ಚು ಬೇಡ. ಬಟ್ಟೆಗೆ ವಿಲಾಯತಿ ಲಿನನ್ನೇ ಆಗಬೇಕಿಲ್ಲ. ದಪ್ಪ ಖಾದಿಯನ್ನು ಎರಡು ಮಡಿಕೆ ಹೊಲಿದುಕೊಂಡರೆ ನಡೆಯುತ್ತದೆ. ಗಂಜಿ ಹೋಗುವಂತೆ ಮೊದಲು ತೊಳೆಯಿರಿ. ನನ್ನದು ಹುಬ್ಬಳ್ಳಿಯ ಬೆಂಗೇರಿ ಖಾದಿ ಕೇಂದ್ರದಿಂದ ತಂದ ಬಟ್ಟೆ.

ಇಷ್ಟು ತಿದ್ದಿಕೊಂಡರೂ ಈಗ ಇರುವ ಬಾಯಿ ಪಟ್ಟಿಯಿಂದ ಸರಿಹೋಗುವುದಿಲ್ಲ. ದೀಪದ ಕೆಳಗೆ ಬಾಯಿ ಮೇಲೆ ಮಾಡಿ ಹಿಡಿದೆವು. ಹರಿತವಾದ ಅಂಚಿಗೆ ಬೆಳಕು ನಿಲ್ಲುವಷ್ಟು ಜಾಗವೇ ಇರುವುದಿಲ್ಲ. ಇವರ ಕತ್ತಿಯಲ್ಲಿ ತುದಿಯಿಂದ ನಡುವಿನವರೆಗೆ ಬಿಳಿ ದಾರದಂತೆ ಒಂದು ಗೆರೆ ಹೊಳೆಯುತ್ತಿತ್ತು. ಆ ಗೆರೆ ಕಂಡರೆ ಕಲ್ಲಿಗೇ ಹೋಗಬೇಕು. ಚರ್ಮ ಅಂಚನ್ನು ನೇರ ಮಾಡುತ್ತದೆ, ನಯ ಮಾಡುತ್ತದೆ. ಹೊಸ ಅಂಚು ಹುಟ್ಟಿಸುವುದು ಕಲ್ಲು. ಇವರದ್ದನ್ನು 8000 ನಂಬರಿನ ಕಲ್ಲಿಗೆ, ಆಮೇಲೆ ಅದಕ್ಕಿಂತ ನಯವಾದ 12000 ನಂಬರಿನ ಕಲ್ಲಿಗೆ ಹಿಡಿದು ಕೊಟ್ಟೆ.

ಇನ್ನೊಂದು ಮಾತನ್ನು ಅವರಾಗಿ ಹೇಳಲಿಲ್ಲ, ಕೇಳಿದ ಮೇಲೆ ಗೊತ್ತಾಯಿತು. ಗಡ್ಡಕ್ಕೆ ತಣ್ಣೀರು ಚಿಮುಕಿಸಿ, ನೊರೆ ಹಚ್ಚಿ, ಕೂಡಲೇ ಕತ್ತಿ ಹಾಕುತ್ತಾರಂತೆ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಅದು ಬ್ಲೇಡಿನ ಅಂಚನ್ನು ಚಕ್ಕೆ ಎಬ್ಬಿಸಬಲ್ಲದು ಎಂದು ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ತೋರಿಸಿದರು. ಕೂದಲು ಬಾಗಿ ಓರೆಯಾಗಿ ಸಿಕ್ಕಾಗ, ಉಕ್ಕಿನ ಹದ ಸಮನಾಗಿಲ್ಲದ ಕಡೆ ಹಾಗಾಗುತ್ತದೆ. ಅವರು ನೋಡಿದ್ದು ಬಳಸಿ ಬಿಸಾಡುವ ಬ್ಲೇಡುಗಳನ್ನು, ಆದರೂ ನಮ್ಮ ಕತ್ತಿಗೂ ನಾನು ಅದೇ ಎಚ್ಚರ ಹೇಳುತ್ತೇನೆ. ನೀರು ಕುಡಿದ ಕೂದಲು ಮೆತ್ತಗಾಗುತ್ತದೆ, ಕತ್ತಿಗೆ ಕೆಲಸ ಹಗುರ. ನಮ್ಮಲ್ಲಿ ಗಡ್ಡ ಮಾಡಿಕೊಂಡು ಆಮೇಲೆ ಜಳಕ ಮಾಡುವ ರೂಢಿ. ಅದನ್ನು ಬಿಡಿ ಎನ್ನುವುದಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಮೂರು ನಿಮಿಷ ಗಡ್ಡದ ಮೇಲೆ ಇಟ್ಟುಕೊಳ್ಳಿ.

ಗದಗ: ಪ್ಯಾಂಟಿನ ಬೆಲ್ಟಿಗೆ ತಿಕ್ಕಬಹುದೇ?

ಬೇಡ. ಅಂಗಡಿ ಬೆಲ್ಟುಗಳಲ್ಲಿ ಹೆಚ್ಚಿನವಕ್ಕೆ ಮೇಲೆ ಪ್ಲಾಸ್ಟಿಕ್ ಲೇಪ, ಅಂಚಿಗೆ ಹೊಲಿಗೆ. ಕೊಲ್ಹಾಪುರಿ ಚಪ್ಪಲಿ ಮಾಡುವವರ ಹತ್ತಿರ ಕೇಳಿ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ ಸಿಗುತ್ತದೆ. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆಯಲ್ಲಿ ನಮ್ಮ ಧಾರವಾಡ ಜಿಲ್ಲೆಯೂ ಇದೆ. ಮೂರು ಇಂಚು ಅಗಲ, ಗಂಟಿಲ್ಲದ ತುಂಡು ಆರಿಸಿ.

ಹಾವೇರಿ: ಪಟ್ಟಿ ಒಣಗಿದೆ, ಮನೆಯ ಕುಸುಬಿ ಎಣ್ಣೆ ಹಚ್ಚಲೇ? ಕತ್ತಿಗೂ ಅದೇ ಸಾಕೇ?

ಎರಡಕ್ಕೂ ಬೇಡ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಹಳೆ ಎಣ್ಣೆ ಡಬ್ಬಿಯ ಬಾಯಿಗೆ ಮೆತ್ತಿಕೊಂಡ ಜಿಗುಟು ನೋಡಿಲ್ವಾ? ಅದೇ ಪಟ್ಟಿಯ ಮೇಲೂ ಕೂರುತ್ತದೆ. ಪಟ್ಟಿಯನ್ನು ಅಂಗೈಯಿಂದ ದಿನಾ ಉಜ್ಜಿ, ಕೈಯ ಜಿಡ್ಡೇ ಸಾಕು. ಕತ್ತಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಂತೂ ಕತ್ತಿಯನ್ನು ಬಚ್ಚಲಲ್ಲಿ ಇಡಲೇಬೇಡಿ. ಅಂಚಿಗೆ ತುಕ್ಕು ತಿಂದ ಕತ್ತಿಗಳು ಪ್ರತಿವರ್ಷ ಗಣೇಶ ಹಬ್ಬದ ಹೊತ್ತಿಗೆ ನನ್ನ ಹತ್ತಿರ ಬರುತ್ತವೆ.

ಧಾರವಾಡ: ಓಣಿಗೆ ಸಾಣೆ ಹಿಡಿಯುವವನು ಬರುತ್ತಾನೆ, ಎರಡು ನಿಮಿಷದಲ್ಲಿ ಮಾಡಿಕೊಡುತ್ತೇನೆ ಎನ್ನುತ್ತಾನೆ. ಕೊಡಲೇ?

ಅವನಿಗೆ ಕುಡುಗೋಲು ಕೊಡಿ, ಈಳಿಗೆ ಕೊಡಿ, ಚೆನ್ನಾಗಿಯೇ ಮಾಡುತ್ತಾನೆ. ಕ್ಷೌರದ ಕತ್ತಿ ಕೊಡಬೇಡಿ. ಒಣ ಚಕ್ರಕ್ಕೆ ಹಿಡಿದರೆ ಕಾಗದದಷ್ಟು ತೆಳುವಾದ ಬಾಯಿ ಕ್ಷಣದಲ್ಲಿ ಕಾಯುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಬಂದಿದೆ, ಹದ ಹೋಗಿದೆ. ಯಾವ ಕಲ್ಲಿಗೆ ಹಿಡಿದರೂ ಅಲ್ಲಿ ಮತ್ತೆ ಬಾಯಿ ನಿಲ್ಲುವುದಿಲ್ಲ. ಹೋದ ವರ್ಷ ಒಬ್ಬರು ಹೀಗೆ ನೀಲಿಯಾದ ಕತ್ತಿ ತಂದು ಮುಂದಿಟ್ಟರು. ಅವರ ತಂದೆಯದು. ಏನೂ ಮಾಡಲಾಗದೆ ವಾಪಸ್ ಕೊಟ್ಟೆ. ಆ ಸಂಕಟ ಇನ್ನೂ ಇದೆ.

ಹುಬ್ಬಳ್ಳಿ: ಪಟ್ಟಿಗೆ ಟೂತ್‌ಪೇಸ್ಟ್ ಹಚ್ಚಿದರೆ ಹರಿತ ಬರುತ್ತದೆಯಂತೆ?

ಗೀರು ಬರುತ್ತದೆ. ಹಸಿರು ಕ್ರೋಮಿಯಂ ಆಕ್ಸೈಡ್ ಪೇಸ್ಟ್ ಬೇಕಿದ್ದರೆ ಬೇರೆ ಪಟ್ಟಿಗೆ ಹಚ್ಚಿ, ತಿಂಗಳಿಗೊಮ್ಮೆ ಹತ್ತು ಸಲ. ದಿನದ ಪಟ್ಟಿ ಬರಿಯ ಚರ್ಮವಾಗಿರಲಿ.

ಗದಗ ಬೆಟಗೇರಿ: ಕತ್ತಿಗೆ ಒಂದು ದಿನ ವಿಶ್ರಾಂತಿ ಕೊಟ್ಟರೆ ತಾನೇ ಹರಿತವಾಗುತ್ತದೆಯೇ?

ಇಲ್ಲ.

ಹುಬ್ಬಳ್ಳಿ: ಅಣ್ಣ ತಮ್ಮ ಇಬ್ಬರೂ ಒಂದೇ ಕತ್ತಿ, ಒಂದೇ ಪಟ್ಟಿ ಬಳಸಬಹುದೇ?

ಬಳಸಬಾರದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕಡೇಪಕ್ಷ 7 ದಿನ ಜೀವ ಹಿಡಿದಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಕತ್ತಿಯನ್ನು ಸ್ಪಿರಿಟ್‌ನಲ್ಲಿ ಒರೆಸುತ್ತೇವೆ ಎನ್ನುತ್ತೀರಿ, ಸುಮ್ನೆ ಒರೆಸಿದರೆ ಸಾಲದು. ಚರ್ಮದ ಪಟ್ಟಿಯನ್ನಂತೂ ಕುದಿಸಲು ಬರುವುದಿಲ್ಲ. ಇದೇ ಕಾರಣಕ್ಕೆ ನನ್ನ ಅಂಗಡಿಯಲ್ಲಿ ಗಿರಾಕಿಗೆ ಪಟ್ಟಿಯ ಕತ್ತಿ ಮುಟ್ಟಿಸುವುದಿಲ್ಲ. ಒಬ್ಬೊಬ್ಬರಿಗೂ ಹೊಸ ಬ್ಲೇಡ್, ಅವರ ಕಣ್ಣೆದುರೇ ಒಡೆದು ಹಾಕುತ್ತೇನೆ. ಇಬ್ಬರಿದ್ದರೆ ಕತ್ತಿಯೂ ಎರಡು, ಪಟ್ಟಿಯೂ ಎರಡು ಇರಲಿ. ಪಟ್ಟಿಯ ಹಿಂಬದಿಗೆ ನಿಮ್ಮ ನಿಮ್ಮ ಹೆಸರು ಬರೆದಿಡಿ, ಅದಲು ಬದಲಾಗದಂತೆ.