ಶಟರ್ ಐಲ್ಯಾಂಡ್‌ನಲ್ಲಿ ದೊಡ್ಡ ನಟ ಯಾರು?

ನೀವು ಕೇಳಿದ್ದು ಇಷ್ಟು: ‘ಶಟರ್ ಐಲ್ಯಾಂಡ್’ ನೋಡಿದೆ, ಡಿಕಾಪ್ರಿಯೊ ಯಾಕೋ ಅತಿ ಮಾಡಿದ ಅನ್ನಿಸಿತು, ಜೊತೆಗಾರನ ಪಾತ್ರದವನು ಸುಮ್ಮನೆ ಹಿಂದೆ ಹಿಂದೆ ಓಡಾಡಿಕೊಂಡಿದ್ದ, ನಾಯಕನಿಗೆ ಕೊನೆಗೆ ವಾಸಿಯಾಗಿತ್ತೋ ಇಲ್ಲವೋ ಅದೂ ತಿಳಿಯಲಿಲ್ಲ, ಇದನ್ನು ಜನ ಇಷ್ಟೊಂದು ಹೊಗಳೋದು ಯಾಕೆ?

ನೀವು ಹೇಗೂ ನೋಡಿದ್ದೀರಿ, ಅದಕ್ಕೇ ಗುಟ್ಟೆಲ್ಲ ಬಿಚ್ಚಿ ಬರೀತೀನಿ. ನೋಡದವರು ಇಲ್ಲಿಗೇ ನಿಲ್ಲಿಸಿ, ಸಿನಿಮಾ ನೋಡಿ ಬನ್ನಿ.

ಹಿಂದೆ ಹಿಂದೆ ಓಡಾಡಿದ ಅಂದ್ರಲ್ಲ, ಆ ಮಾರ್ಕ್ ರಫಲೋನೇ ನನ್ನ ಪ್ರಕಾರ ಈ ಚಿತ್ರದ ದೊಡ್ಡ ನಟ. ಮೊದಲ ಸಲ ನೋಡಿದಾಗ ನನಗೂ ಇದು ಗೊತ್ತಾಗಿರಲಿಲ್ಲ. ಎರಡನೇ ಸಲ ಗೇಟಿನ ಹತ್ತಿರವೇ ಸಿಕ್ಕಿಬಿದ್ದ. 1954ನೇ ಇಸವಿ, ಬಾಸ್ಟನ್ ಬಂದರಿನ ಆಚೆಯ ದ್ವೀಪ, ಅಪರಾಧಿ ಮನೋರೋಗಿಗಳ ಆಸ್ಪತ್ರೆ. ತಪ್ಪಿಸಿಕೊಂಡ ಹೆಂಗಸನ್ನು ಹುಡುಕೋಕೆ ಇಬ್ಬರು ಮಾರ್ಷಲ್‌ಗಳು, ಅಂದ್ರೆ ಅಮೆರಿಕದ ಕೇಂದ್ರ ಪೊಲೀಸರು, ಬಂದಿದ್ದಾರೆ: ಡಿಕಾಪ್ರಿಯೊ ಮಾಡಿದ ಟೆಡ್ಡಿ, ರಫಲೋ ಮಾಡಿದ ಚಕ್. ಒಳಗೆ ಬಿಡೋ ಮುಂಚೆ ಪಿಸ್ತೂಲು ಒಪ್ಪಿಸಿ ಅಂತಾರೆ. ಟೆಡ್ಡಿ ಪಟ್ಟನೆ ತೆಗೆದು ಕೊಡ್ತಾನೆ. ಚಕ್‌ಗೆ ಅದು ಬರೋದೇ ಇಲ್ಲ. ತಲೆ ಬಗ್ಗಿಸಿ ಸೊಂಟ ನೋಡ್ಕೋತಾನೆ, ಎಳೀತಾನೆ, ಕೊನೆಗೆ ಚರ್ಮದ ಚೀಲದ ಸಮೇತ ಕಿತ್ತು ಕೊಡ್ತಾನೆ.

ಈ ಒಂದು ಗಳಿಗೆ ನನಗೆ ತಟ್ಟೋಕೆ ಕಾರಣ ಇದೆ. ನಮ್ಮೂರು ದಾವಣಗೆರೆ ಜಿಲ್ಲೆಯ ಮಲೇಬೆನ್ನೂರು ಕಡೆ, ಭದ್ರಾ ನಾಲೆ ಮಗ್ಗುಲಿಗೆ. ಜಾತ್ರೆಗೆ ಸಾಮಾಜಿಕ ನಾಟಕ ಆಡೋದು ನಮ್ಮಲ್ಲಿ ವಾಡಿಕೆ. ಒಂದು ವರ್ಷ ಇನ್‌ಸ್ಪೆಕ್ಟರ್ ಪಾತ್ರ ನನ್ನ ಪಾಲಿಗೆ ಬಂತು. ಸೀನರಿ, ಡ್ರೆಸ್ಸು ಎಲ್ಲ ದಾವಣಗೆರೆಯಿಂದ ಬಾಡಿಗೆಗೆ ತಂದಿದ್ವಿ. ತಾಲೀಮು ನೋಡೋಕೆ ಬಂದಿದ್ದ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್ ಒಬ್ಬರು ನಾನು ಪಿಸ್ತೂಲು ತೆಗೆಯೋದನ್ನ ನೋಡಿ ಹತ್ತಿರ ಕರೆದು ಹೇಳಿದ್ರು: ‘ತಮ್ಮಾ, ದಿನಾ ಬೆಲ್ಟ್ ಕಟ್ಟೋನು ಬೆಲ್ಟ್ ಕಡೆ ನೋಡಲ್ಲ. ಅದು ಕೈಗೇ ಗೊತ್ತಿರುತ್ತೆ.’ ಆಮೇಲೆ ವಾರವೆಲ್ಲ ಗೋಡೆ ಮೇಲೆ ಕಣ್ಣಿಟ್ಟು ಕೈಗೆ ಅದನ್ನೇ ಕಲಿಸಿದೆ.

ರಫಲೋ ಬೆಲ್ಟ್ ನೋಡಿಕೊಂಡ. ಯಾಕಂದ್ರೆ ಚಕ್ ಪೊಲೀಸಿನವನೇ ಅಲ್ಲ, ಟೆಡ್ಡಿಗೆ ಚಿಕಿತ್ಸೆ ಕೊಡ್ತಿರೋ ಡಾಕ್ಟರ್ ಶೀಹನ್. ಅಂದ್ರೆ ನಟನ ಕೆಲಸ ಏನಾಯ್ತು ನೋಡಿ. ಪೊಲೀಸಿನ ಪಾತ್ರ ಮಾಡೋಕೆ ಬರದ ಒಬ್ಬ ಡಾಕ್ಟರು ಆ ಪಾತ್ರ ಮಾಡ್ತಿರೋದನ್ನ ಈತ ಮಾಡಬೇಕು. ಒಂದು ಗುಲಗಂಜಿ ಹೆಚ್ಚಾದ್ರೆ ಮೊದಲ ಸಲವೇ ಗುಟ್ಟು ರಟ್ಟು. ಕಮ್ಮಿಯಾದ್ರೆ ಎರಡನೇ ಸಲ ನೋಡುವವನಿಗೆ ಏನೂ ಉಳಿಯಲ್ಲ. ಸಿನಿಮಾ ಪೂರ್ತಿ ಆ ತೂಕ ಹಿಡಿದಿದ್ದಾನೆ.

ಹಾಗೆ ನೋಡಿದ್ರೆ ಆ ದ್ವೀಪವೇ ಒಂದು ನಾಟಕ ಕಂಪನಿ. ಆಸ್ಪತ್ರೆ ನಡೆಸೋ ಡಾಕ್ಟರ್ ಕಾಲಿ ಸೂತ್ರಧಾರ, ಕಾವಲುಗಾರರು, ನರ್ಸುಗಳು ಎಲ್ಲರಿಗೂ ಒಂದೊಂದು ವೇಷ, ನೋಡುವವನು ಮಾತ್ರ ಒಬ್ಬನೇ, ಅವನೇ ರೋಗಿ. ದಾವಣಗೆರೆ ಚಿಂದೋಡಿ ಲೀಲಾ ಅವರ ಊರು. ದುಗ್ಗಮ್ಮನ ಜಾತ್ರೆಯಲ್ಲಿ ಕಂಪನಿ ನಾಟಕಗಳ ಮುಂದೆ ಕೂತು ಬೆಳೆದವನು ನಾನು. ಮಾತು ಮರೆತ ನಟಿಯ ಕಣ್ಣು ಹೇಗೆ ಒಂದು ಕ್ಷಣ ಸೈಡ್ ವಿಂಗಿನ ಕಡೆ ಹೋಗಿ ಬರುತ್ತೆ ಅಂತ ಗೊತ್ತು. ವಿಚಾರಣೆ ದೃಶ್ಯದಲ್ಲಿ ಕರ್ನ್ಸ್ ಅನ್ನೋ ರೋಗಿಯನ್ನ ಡಾಕ್ಟರ್ ಶೀಹನ್ ಬಗ್ಗೆ ಕೇಳಿದಾಗ ಅವಳ ಕಣ್ಣು ಅದೇ ಥರ ಚಕ್ ಕಡೆ ಹೋಗಿ ಬರುತ್ತೆ. ಅವಳು ನೀರು ಕುಡಿಯೋದನ್ನೂ ಗಮನಿಸಿ. ಕೈ ಬಾಯಿಗೆ ಹೋಗುತ್ತೆ, ಕೈಯಲ್ಲಿ ಲೋಟವೇ ಇರಲ್ಲ. ನಾವು ನೋಡ್ತಿರೋದು ಟೆಡ್ಡಿ ಕಣ್ಣಿಂದ. ಆ ಕಣ್ಣು ನೀರನ್ನ ಒಪ್ಪಲ್ಲ.

ಡಿಕಾಪ್ರಿಯೊ ಅತಿ ಮಾಡಿದ ಅಂದ್ರಿ. ಅತಿ ಮಾಡ್ತಿರೋದು ಟೆಡ್ಡಿ. ಆಂಡ್ರ್ಯೂ ಅನ್ನೋ ಒಬ್ಬ ಮನುಷ್ಯ, ತನ್ನ ಬದುಕು ನೆನಪಾಗದಿರಲಿ ಅಂತ ಹ್ಯಾಟು, ಸಿಗರೇಟು, ಬಿಗಿದ ಹುಬ್ಬು ಎಲ್ಲ ಸೇರಿಸಿ ಟೆಡ್ಡಿ ಅನ್ನೋ ಪತ್ತೇದಾರನನ್ನ ಕಟ್ಟಿಕೊಂಡಿದ್ದಾನೆ. ಆ ವೇಷ ಕಳಚಿ ಬೀಳೋದು ಕೆರೆಯ ದೃಶ್ಯದಲ್ಲಿ. ಹೆಂಡತಿ ಮೂರು ಮಕ್ಕಳನ್ನೂ ಮುಳುಗಿಸಿದ್ದಾಳೆ. ಮೈಯೆಲ್ಲ ಒದ್ದೆಯಾಗಿ ಕೂತಿದ್ದಾಳೆ. ಮಕ್ಕಳನ್ನ ಒರೆಸಿ, ಬಟ್ಟೆ ಬದಲಿಸಿ, ನಾಳೆ ಪಿಕ್‌ನಿಕ್‌ಗೆ ಕರ್ಕೊಂಡು ಹೋಗೋಣ ಅಂತಾಳೆ ಮಿಷೆಲ್ ವಿಲಿಯಮ್ಸ್, ದನಿ ಒಂಚೂರೂ ಏರಿಸದೆ. ಅವನು ಎದೆಮಟ್ಟ ನೀರಿಗೆ ನುಗ್ಗಿ, ಒಂದೊಂದೇ ಮಗುವನ್ನ ತಂದು ದಡದ ಮೇಲೆ ಸಾಲಾಗಿ ಮಲಗಿಸ್ತಾನೆ. ನಾಲೆ ಪಕ್ಕದ ಊರಿನವನು ನಾನು. ನೀರಿಂದ ಎತ್ತಿ ತಂದ ಮಗುವನ್ನ ನೆಲಕ್ಕೆ ಇಳಿಸುವಾಗ, ಎಲ್ಲಿ ನೋವಾಗುತ್ತೋ ಅನ್ನೋ ಹಾಗೆ ಮೆಲ್ಲಗೆ ತಲೆ ಹಿಡಿಯೋ ಕೈಯನ್ನ ಚಿಕ್ಕಂದಿನಲ್ಲಿ ಒಮ್ಮೆ ಕಣ್ಣಾರೆ ಕಂಡಿದ್ದೀನಿ. ಡಿಕಾಪ್ರಿಯೊ ಕೈ ಥೇಟ್ ಹಾಗೇ ಇತ್ತು. ಅವತ್ತು ಅಲ್ಲಿಗೇ ನಿಲ್ಲಿಸಿದೆ, ಮುಂದಿನದ್ದು ಮಾರನೇ ದಿನ ನೋಡಿದ್ದು.

ಡಾಕ್ಟರ್ ಕಾಲಿ ಪಾತ್ರದ ಬೆನ್ ಕಿಂಗ್ಸ್‌ಲಿ ಬಗ್ಗೆ ಒಂದೇ ಮಾತು. ಅದೇ ನೋಟ, ಮೊದಲ ಸಲ ಕಪಟ ಅನ್ನಿಸುತ್ತೆ, ಎರಡನೇ ಸಲ ಕರುಣೆ ಅನ್ನಿಸುತ್ತೆ. ಅವನಿಗೂ ಪಣ ದೊಡ್ಡದಿತ್ತು. ಮಿದುಳಿನ ನರ ಕತ್ತರಿಸೋ ಲೊಬಾಟಮಿಗಾಗಿ ಪೋರ್ಚುಗಲ್‌ನ ಡಾಕ್ಟರ್ ಎಗಾಸ್ ಮೋನಿಜ್‌ಗೆ 1949ರಲ್ಲಿ ನೊಬೆಲ್ ಬಂದಿತ್ತು. ಮನೋರೋಗಕ್ಕೆ ಕೊಡೋ ಕ್ಲೋರ್‌ಪ್ರೋಮಜಿನ್ ಮಾತ್ರೆ ಅಮೆರಿಕದಲ್ಲಿ ಆಗಷ್ಟೇ ಶುರುವಾಗ್ತಿತ್ತು. ಕತ್ತಿಯೂ ಬೇಡ, ಬರೀ ಮಾತ್ರೆಯೂ ಬೇಡ, ರೋಗಿಯ ಕಥೆಯನ್ನ ಕೊನೆವರೆಗೂ ಕೇಳೋಣ ಅಂದವನು ಕಾಲಿ. ನಾಟಕ ಸೋತರೆ ಕತ್ತಿಯೇ ಗತಿ.

ಇನ್ನು ವಾಸಿಯಾಗಿತ್ತಾ ಅನ್ನೋ ಪ್ರಶ್ನೆ. ಆಗಿತ್ತು ಅಂತಲೇ ನನ್ನ ನಂಬಿಕೆ. ನಮ್ಮ ‘ಶರಪಂಜರ’ದ ಕಾವೇರಿಯನ್ನ ನೆನಪಿಸಿಕೊಳ್ಳಿ. 1971ರಲ್ಲಿ ಕಲ್ಪನಾ ಮಾಡಿದ ಆ ಪಾತ್ರಕ್ಕೆ ಕಾಯಿಲೆ ವಾಸಿಯಾಗಿ ಮನೆಗೆ ಬಂದರೂ ಸುತ್ತಲಿನವರು ಅದನ್ನ ನಂಬೋದೇ ಇಲ್ಲ, ಕೊನೆಗೆ ಮತ್ತೆ ಆಸ್ಪತ್ರೆಗೇ ಹೋಗ್ತಾಳೆ. ಇಲ್ಲಿ ಸುತ್ತಲಿನವರೆಲ್ಲ ಇವನು ವಾಸಿಯಾಗಲಿ ಅಂತ ದಿನಗಟ್ಟಲೆ ವೇಷ ಹಾಕಿದ್ದಾರೆ, ಇವನಿಗೇ ಆ ನೆನಪಿನ ಜೊತೆ ಬದುಕೋಕೆ ಆಗ್ತಿಲ್ಲ.

ಕೊನೇ ದೃಶ್ಯ ಇನ್ನೊಮ್ಮೆ ಹಾಕಿ ನೋಡಿ. ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದಾರೆ. ಇವನು ಮತ್ತೆ ‘ಚಕ್’ ಅಂತ ಕರೀತಾನೆ. ಶೀಹನ್ ದೂರದಲ್ಲಿ ನಿಂತ ಕಾಲಿ ಕಡೆ ನೋಡಿ ತಲೆಯಾಡಿಸ್ತಾನೆ, ಆಗಲಿಲ್ಲ ಅಂತ. ಆಗ ಇವನು ರಾಕ್ಷಸನಾಗಿ ಬದುಕೋದು ಕೆಟ್ಟದ್ದೋ, ಒಳ್ಳೆಯವನಾಗಿ ಸಾಯೋದು ಕೆಟ್ಟದ್ದೋ ಅಂತ ಕೇಳಿ ಎದ್ದು ಹೋಗ್ತಾನೆ. ಡೆನಿಸ್ ಲೆಹೇನ್ 2003ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಈ ಮಾತಿಲ್ಲ, ಸಿನಿಮಾಕ್ಕೆ ಅಂತಲೇ ಸೇರಿಸಿದ್ದು. ಎಲ್ಲರೂ ಆ ಮಾತನ್ನ ನೆನಪಿಟ್ಟುಕೊಂಡಿದ್ದಾರೆ. ನೀವು ಮಾತು ಮುಗಿದ ಮೇಲೆ ರಫಲೋ ಮುಖ ನೋಡಿ. ಅವನಿಗೆ ಅರ್ಥವಾಗೋಕೆ ಎರಡು ಉಸಿರಿನಷ್ಟು ಹೊತ್ತು ಹಿಡಿಯುತ್ತೆ. ‘ಟೆಡ್ಡಿ?’ ಅಂತ ಕೂಗ್ತಾನೆ. ತಾನು ಟೆಡ್ಡಿ ಅಂತ ನಂಬಿದವನಾದ್ರೆ ತಿರುಗಿ ನೋಡಬೇಕಿತ್ತು. ಅವನು ತಿರುಗಲ್ಲ, ಬಿಳಿ ಬಟ್ಟೆಯವರ ನಡುವೆ ಹಾಗೇ ನಡೆದುಕೊಂಡು ಹೋಗ್ತಾನೆ.