ಇಂಟರ್‌ವ್ಯೂನಲ್ಲಿ "ನಿಮಗೆ ಏನೇನು ಕೆಲಸ ಬರುತ್ತದೆ?" ಅಂದರೆ ಏನು ಹೇಳಲಿ?

ನಿಮ್ಮ ಪ್ರಶ್ನೆ ಓದಿದೆ. ಬಿಕಾಂ ಆಗಿದೆ, ಎರಡು ವರ್ಷದಿಂದ ಕಾರ್ಕಳ ಕಡೆಯ ಗೇರುಬೀಜ ಕಾರ್ಖಾನೆಯ ಆಫೀಸಿನಲ್ಲಿದ್ದೀರಿ, ಬರುವ ವಾರ ಮಂಗಳೂರಿನಲ್ಲಿ ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂ. "ಸ್ಕಿಲ್ಸ್ ಅಂತ ಬರೆಯಲು ಟ್ಯಾಲಿ ಸಾಫ್ಟ್‌ವೇರ್ ಬಿಟ್ಟು ಏನೂ ಇಲ್ಲ" ಅಂದಿದ್ದೀರಿ. ಮಾರಾಯ್ರೆ, ಗೇರುಬೀಜದ ಲೆಕ್ಕ ಎರಡು ವರ್ಷ ನೋಡಿದವರಿಗೇ ಏನೂ ಇಲ್ಲ ಅಂದರೆ ಮತ್ತೆ ಯಾರಿಗೆ ಉಂಟು?

ನಾನು ಮಂಗಳೂರಿನ ಬೈಕಂಪಾಡಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಈಗ ಆಗಾಗ ಇಂಟರ್‌ವ್ಯೂ ಮಾಡುವವರ ಸಾಲಿನಲ್ಲೂ ಕೂರುತ್ತೇನೆ. ಆದರೆ 2018ರಲ್ಲಿ ನನ್ನದೂ ಇದೇ ಕಥೆ. ಆಗ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಇಂಟರ್‌ವ್ಯೂನಲ್ಲಿ "ವೆಂಡರ್ ರಿಕನ್ಸಿಲಿಯೇಶನ್ ಮಾಡಿದ್ದೀರಾ?" ಅಂತ ಕೇಳಿದರು. ಇಲ್ಲ ಸರ್ ಅಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಹೊಳೆಯಿತು, ತಿಂಗಳು ತಿಂಗಳು ಅದನ್ನೇ ಮಾಡುತ್ತಿದ್ದೆ! ನಮ್ಮ ಅಂಗಡಿಯಲ್ಲಿ ಅದಕ್ಕೆ "ಪಾರ್ಟಿ ಲೆಕ್ಕ ತಾಳೆ ನೋಡುವುದು" ಅನ್ನುತ್ತಿದ್ದರು, ಅಷ್ಟೇ. ಆ ಕೆಲಸ ಸಿಗಲಿಲ್ಲ.

ಹಾಗಾಗಿ ಮೊದಲು ರೆಸ್ಯೂಮೆಯನ್ನು ಬದಿಗಿಡಿ. ನೀವು ಎರಡು ದಿನ ರಜೆ ಹಾಕಿದರೆ ಆಫೀಸಿನಿಂದ ಯಾವುದಕ್ಕೆಲ್ಲ ಫೋನ್ ಬರುತ್ತದೆ? ಅದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಲಾರಿ ಹೊರಟು ನಿಂತಿದೆ, ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಆಗುತ್ತಿಲ್ಲ. ಸಿಪ್ಪೆ ತೆಗೆಯುವವರ ಕಿಲೋ ಲೆಕ್ಕಕ್ಕೂ ಕೂಲಿ ಪಟ್ಟಿಗೂ ಹೊಂದುತ್ತಿಲ್ಲ. ಇಂಥವು. ನಿಮ್ಮ ಸ್ಕಿಲ್ ಇರುವುದು ಆ ಫೋನ್ ಕಾಲ್‌ಗಳಲ್ಲಿ. ಹಿತ್ತಲ ಗಿಡ ಮದ್ದಲ್ಲ ಅಲ್ವಾ, ದಿನಾ ಮಾಡುವುದು ವಿದ್ಯೆ ಅಂತ ನಮಗೆ ಅನಿಸುವುದೇ ಇಲ್ಲ.

ಆಮೇಲೆ ಕೆಲಸದ ಜಾಹೀರಾತನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ಅವರ ಮಾತಿಗೆ ಹೊಂದಿಸಿ. ಉದಾಹರಣೆಗೆ, ಅವರು "ಜಿಎಸ್‌ಟಿ ರಿಕನ್ಸಿಲಿಯೇಶನ್" ಅಂತ ಹಾಕಿರುತ್ತಾರೆ. ನೀವು ತಿಂಗಳ 14ಕ್ಕೆ 2ಬಿ (ಮಾರಿದವರು ತೋರಿಸಿದ ಬಿಲ್‌ಗಳ ಜಿಎಸ್‌ಟಿ ಪಟ್ಟಿ) ಬಂದ ಮೇಲೆ ಖರೀದಿ ಬಿಲ್‌ಗಳಿಗೆ ಟಿಕ್ ಹಾಕುತ್ತೀರಿ. ಯಾವ ಬಿಲ್ ಅದರಲ್ಲಿ ಇಲ್ಲವೋ ಆ ಪಾರ್ಟಿಗೆ ಫೋನ್ ಮಾಡಿ "11ರೊಳಗೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಯಾಕೆ ಹಾಕಲಿಲ್ಲ" ಅಂತ ಜಗಳ ಮಾಡುತ್ತೀರಿ. ಯಾಕೆಂದರೆ 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ ಹಾಕುವಾಗ ಆ ಬಿಲ್ಲಿನ ಕ್ರೆಡಿಟ್, ಅಂದರೆ ಖರೀದಿಗೆ ಕೊಟ್ಟ ತೆರಿಗೆಯ ಕಡಿತ, ಸಿಗುವುದಿಲ್ಲ. ಅವರು ಕೇಳಿದ್ದೂ ಇದನ್ನೇ, ಹೆಸರು ಮಾತ್ರ ಬೇರೆ.

ನಿಮ್ಮ ಹತ್ತಿರ ಇನ್ನೂ ಒಂದು ಒಳ್ಳೆಯ ಸರಕು ಇದೆ. ಊರಿನ ರೈತರು ಸ್ವಂತ ತೋಟದ ಗೇರುಬೀಜ ತಂದರೆ ತೆರಿಗೆ ಕಟ್ಟಬೇಕಾದವರು ಅವರಲ್ಲ, ಕೊಳ್ಳುವ ಕಾರ್ಖಾನೆ. ಇದಕ್ಕೇ ರಿವರ್ಸ್ ಚಾರ್ಜ್ ಅನ್ನುವುದು. ಬಿಲ್ ನಾವೇ ಮಾಡಿಕೊಳ್ಳಬೇಕು, ಆ ತೆರಿಗೆಯನ್ನು ಕ್ಯಾಶ್ ಲೆಡ್ಜರ್‌ನಿಂದಲೇ, ಅಂದರೆ ಹಳೆ ಕ್ರೆಡಿಟ್ ಬಳಸದೆ ನಗದಾಗಿ ಕಟ್ಟಬೇಕು, ಆಮೇಲೆ ಕ್ರೆಡಿಟ್ ತೆಗೆದುಕೊಳ್ಳಬೇಕು. ಇದನ್ನು ಪುಸ್ತಕದಲ್ಲಿ ಓದಿ ಬಂದವರು ಬಹಳ ಜನ. ಮಾಡಿ ಬಂದವರು ಕಡಿಮೆ. ಯಾರಾದರೂ ನನ್ನ ಎದುರು ಕೂತು ಇದನ್ನು ನಾಲ್ಕು ಮಾತಿನಲ್ಲಿ ಹೇಳಿದರೆ ನಾನು ಆ ಫೈಲನ್ನು ಆರಿಸಿ ಬೇರೆ ಇಡುತ್ತೇನೆ. ಹಾಗೆಯೇ ಸ್ಟಾಕ್ ಲೆಕ್ಕ. ಸುಮಾರು ನಾಲ್ಕು ಕಿಲೋ ಬೀಜಕ್ಕೆ ಒಂದು ಕಿಲೋ ತಿರುಳು, ಅದರಲ್ಲಿ 240ರ ಗಾತ್ರದ್ದು ಎಷ್ಟು, 320ರದ್ದು ಎಷ್ಟು, ತುಂಡು ಎಷ್ಟು ಅಂತ ಗ್ರೇಡ್ ಪ್ರಕಾರ ಲೆಕ್ಕ ಇಟ್ಟವರಿಗೆ ಯಾವ ಫ್ಯಾಕ್ಟರಿಯ ಸ್ಟಾಕ್ ಆದರೂ ಹೆದರಿಕೆ ಇಲ್ಲ. ಹೊಸ ಕಂಪನಿ ಗೇರುಬೀಜದ್ದಲ್ಲ ಅಂತ ಇದನ್ನು ಬಿಟ್ಟುಬಿಡಬೇಡಿ. "ಕಚ್ಚಾ ಮಾಲಿನಿಂದ ತಯಾರಾದ ಮಾಲಿನವರೆಗೆ ಲೆಕ್ಕ ಇಟ್ಟಿದ್ದೇನೆ" ಅಂತ ಹೇಳಿ, ಗೇರುಬೀಜದ ಉದಾಹರಣೆ ಕೊಡಿ.

ಒಂದು ಎಚ್ಚರಿಕೆ. ನಮ್ಮ ಕಡೆ ಹೆಚ್ಚಿನ ಕಾರ್ಖಾನೆಗಳಲ್ಲಿ ರಿಟರ್ನ್ ಫೈಲ್ ಮಾಡುವುದು ಆಡಿಟರ್ ಆಫೀಸಿನವರು. ನೀವು ಲೆಕ್ಕ ತಯಾರು ಮಾಡಿ ಕಳುಹಿಸಿದ್ದಾದರೆ ಹಾಗೇ ಹೇಳಿ. "ನಾನೇ ಫೈಲ್ ಮಾಡುತ್ತಿದ್ದೆ" ಅಂದರೆ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆ ಗುರುತು ಹಾಕಿಕೊಳ್ಳಿ: ಒಬ್ಬನೇ ಮಾಡಬಲ್ಲೆ, ಯಾರನ್ನಾದರೂ ಕೇಳಿ ಮಾಡಬಲ್ಲೆ, ಬರೀ ನೋಡಿದ್ದೇನೆ. ಮೊದಲನೆಯ ಗುರುತು ಇರುವ ಐದಾರು ಸಾಕು. ಒಂದೊಂದಕ್ಕೂ ನಿಜವಾಗಿ ನಡೆದ ಒಂದು ಘಟನೆ ನೆನಪಿಟ್ಟುಕೊಳ್ಳಿ. ಕಂಪನಿಯ ಮೊತ್ತ, ಪಾರ್ಟಿಗಳ ಹೆಸರು ಮಾತ್ರ ಬಾಯಿ ಬಿಡಬೇಡಿ.

"ಪ್ರಾಮಾಣಿಕ, ಶ್ರಮಜೀವಿ, ಟೀಮ್ ಪ್ಲೇಯರ್" ಎಲ್ಲ ಸುಮ್ನೆ ಜಾಗ ತಿನ್ನುತ್ತದೆ. ಎಲ್ಲರೂ ಅದನ್ನೇ ಬರೆಯುತ್ತಾರೆ, ನಾವು ಓದುವುದಿಲ್ಲ.

ಇನ್ನು ಜಾಹೀರಾತಿನಲ್ಲಿ "ಎಕ್ಸ್‌ಪೋರ್ಟ್ ಡಾಕ್ಯುಮೆಂಟ್ಸ್" ಅಂತಲೂ ಇದೆ, ಅದು ನನಗೆ ಬರುವುದಿಲ್ಲ ಅಂದಿರಿ. ಬರುವುದಿಲ್ಲ ಅಂತಲೇ ಹೇಳಿ. ಆದರೆ ಹೋಗುವ ಮೊದಲು ನಿಮ್ಮ ಆಫೀಸಿನಲ್ಲಿ ಅದನ್ನು ನೋಡಿಕೊಳ್ಳುವವರ ಹತ್ತಿರ ಅರ್ಧ ಗಂಟೆ ಕೂತುಕೊಳ್ಳಿ. ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಒಂದು ಶಿಪ್ಪಿಂಗ್ ಬಿಲ್ ಕಣ್ಣಾರೆ ನೋಡಿ. ಐಜಿಎಸ್‌ಟಿ ಅನ್ನುವ ತೆರಿಗೆ ಕಟ್ಟದೆ ವಿದೇಶಕ್ಕೆ ಮಾಲು ಕಳುಹಿಸಲು ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಬೇಕು, ಅದನ್ನು ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಹಾಕಬೇಕು ಅನ್ನುವಷ್ಟು ತಿಳಿದುಕೊಂಡರೂ "ಮಾಡಿಲ್ಲ, ಆದರೆ ಹೀಗೆ ಅಂತ ಗೊತ್ತು" ಅನ್ನಬಹುದು. ಎರಡು ವರ್ಷದಿಂದ ಅವರು ನಿಮ್ಮ ಪಕ್ಕದ ಟೇಬಲ್ಲಿನಲ್ಲೇ ಇದ್ದಾರಲ್ಲ, ನಾಳೆಯೇ ಕೇಳಿ.