ಬೆಳ್ಳಿಯ ಹಳೆಯ ಇಂಕ್ ಪೆನ್ನು: ತೂಗುವ ಮೊದಲು ಬರೆದು ನೋಡಿ

ಪ್ರಶ್ನೆ: ನಾನು ನಿವೃತ್ತ ಉಪನ್ಯಾಸಕ, ಜಯನಗರದಲ್ಲಿದ್ದೇನೆ. ಪರಿಚಯದ ಸಂಗ್ರಾಹಕರೊಬ್ಬರು ಮೈತುಂಬ ಚೌಕುಳಿ ಗೆರೆಗಳಿರುವ ‘ಪಾರ್ಕರ್ 75’ ಪೆನ್ನನ್ನು ಮಾರಲು ಮುಂದಾಗಿದ್ದಾರೆ. ಸ್ಟರ್ಲಿಂಗ್ ಬೆಳ್ಳಿಯದೆಂದು ಹೇಳುತ್ತಾರೆ. ಚಿಕ್ಕಪೇಟೆಯ ಬೆಳ್ಳಿ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ತೂಕಕ್ಕೆ ಹೋಲಿಸಿದರೆ ಬೆಲೆ ವಿಪರೀತವಾಯಿತು ಎಂದರು. ಅಸಲಿ ಬೆಳ್ಳಿಯೇ ಎಂದು ತಿಳಿಯುವುದು ಹೇಗೆ? ಕೊಂಡರೆ ದಿನವೂ ಬರೆಯಬಹುದೇ?

ಉತ್ತರ: ಅಂಗಡಿಯವರು ಹೇಳಿದ್ದು ಅವರ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ತಕ್ಕಡಿಗೆ ಹಾಕಿದರೆ ಯಾವ ಬೆಳ್ಳಿ ಪೆನ್ನೂ ಗೆಲ್ಲುವುದಿಲ್ಲ, ಏಕೆಂದರೆ ಅದರಲ್ಲಿ ಬೆಳ್ಳಿ ಇರುವುದು ತೆಳುವಾದ ಹೊರಮೈಯಲ್ಲಿ ಮಾತ್ರ. ಕುಂಕುಮದ ಬಟ್ಟಲನ್ನು ಕೊಳ್ಳುವಾಗ ಗ್ರಾಂ ಲೆಕ್ಕ ಹಾಕುವಂತೆ ಇಲ್ಲಿ ಹಾಕಲು ಬರುವುದಿಲ್ಲ. ನೀವು ಹಣ ಕೊಡುತ್ತಿರುವುದು ಮುಖ್ಯವಾಗಿ ಚಿನ್ನದ ನಿಬ್ಬಿಗೆ, ಅದರ ತುದಿಯಲ್ಲಿ ಉಳಿದಿರುವ ಗಟ್ಟಿ ಲೋಹದ ಚುಕ್ಕೆಗೆ, ಕ್ಯಾಪು ಈಗಲೂ ‘ಟಕ್’ ಎಂದು ಬಿಗಿಯಾಗಿ ಕೂರುತ್ತದೆಯೇ ಎಂಬುದಕ್ಕೆ. ಇವು ಸರಿಯಿದ್ದರೆ ಬೆಳ್ಳಿ ಮೇಲುಡುಗೆಯಾಗಿ ಬಂದಂತೆ. ಇವು ಕೆಟ್ಟಿದ್ದರೆ ಬೆಳ್ಳಿ ಎಷ್ಟು ಶುದ್ಧವಾಗಿದ್ದರೂ ನಿಮ್ಮ ಕೈಗೆ ಸಿಗುವುದು ಒಂದು ಕೊಳವೆ ಮಾತ್ರ.

ಆದರೂ ಲೋಹದ ಮಾತನ್ನು ಮೊದಲು ಮುಗಿಸೋಣ. ಸ್ಟರ್ಲಿಂಗ್ ಎಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ಉಳಿದದ್ದು ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ಬಲು ಮೆದುವಾದ್ದರಿಂದ, ಜೇಬಿನಲ್ಲಿ ಓಡಾಡುವ ವಸ್ತುವಿಗೆ ಈ ಬೆರಕೆ ಬೇಕೇ ಬೇಕು. ಇಂಗ್ಲೆಂಡಿನಲ್ಲಿ ಪರೀಕ್ಷೆಗೊಳಗಾದ ಪೆನ್ನುಗಳ ಮೇಲೆ ನಡೆಯುತ್ತಿರುವ ಸಿಂಹದ ಪುಟ್ಟ ಮೊಹರಿರುತ್ತದೆ. ಅದರ ಪಕ್ಕದಲ್ಲಿ ಬರ್ಮಿಂಗ್‌ಹ್ಯಾಮ್‌ನದಾದರೆ ಲಂಗರು, ಲಂಡನ್ನಿನದಾದರೆ ಚಿರತೆಯ ಮುಖ, ಜೊತೆಗೆ ವರ್ಷ ಸೂಚಿಸುವ ಅಕ್ಷರ ಇರುವುದರಿಂದ ಪೆನ್ನಿನ ಜಾತಕವೇ ಅದರ ಮೈಮೇಲೆ ಬರೆದಂತಿರುತ್ತದೆ. ಅಮೆರಿಕದಲ್ಲಿ ತಯಾರಾದವುಗಳಲ್ಲಿ ಇಂಥ ಸರ್ಕಾರಿ ಮೊಹರುಗಳನ್ನು ಹುಡುಕಬೇಡಿ. ಅಲ್ಲಿ ತಯಾರಕರೇ ‘ಸ್ಟರ್ಲಿಂಗ್’ ಎಂಬ ಪದವನ್ನು ಕ್ಯಾಪಿನ ಅಂಚಿನಲ್ಲೋ ಪೆನ್ನಿನ ಮೈಮೇಲೋ ಒತ್ತುತ್ತಿದ್ದರು. ‘ವಾಟರ್‌ಮನ್’ ಪೆನ್ನುಗಳಲ್ಲಿ ಸಂಖ್ಯೆಯೇ ಮಾತಾಡುತ್ತದೆ: 452 ಎಂದಿದ್ದರೆ 4 ಎಂಬುದು ಸ್ಟರ್ಲಿಂಗ್ ಹೊದಿಕೆಯನ್ನೂ, 5 ಎಂಬುದು ಸನ್ನೆಕಡ್ಡಿ ಎತ್ತಿ ಇಂಕು ತುಂಬುವ ವ್ಯವಸ್ಥೆಯನ್ನೂ, 2 ಎಂಬುದು ನಿಬ್ಬಿನ ಅಳತೆಯನ್ನೂ ಹೇಳುತ್ತದೆ. ಇನ್ನು ‘ಜರ್ಮನ್ ಸಿಲ್ವರ್’ ಎಂಬ ಹೆಸರಿಗೆ ಬೆಂಗಳೂರಿನವರಾರೂ ಮೋಸಹೋಗಬೇಕಾಗಿಲ್ಲ. ಮದುವೆ ಮನೆಗಳಲ್ಲಿ ಉಡುಗೊರೆಯಾಗಿ ಹಂಚುವ ಅರಿಶಿನ ಕುಂಕುಮದ ತಟ್ಟೆಗಳ ಲೋಹವೇ ಅದು, ತಾಮ್ರ, ನಿಕ್ಕಲ್, ಸತುವಿನ ಬೆರಕೆ, ಬೆಳ್ಳಿಯ ಅಂಶ ಸೊನ್ನೆ.

ಅಕ್ಕಸಾಲಿಗರ ಬಳಿ ಒಯ್ದು ಒರೆಗಲ್ಲಿಗೆ ತಿಕ್ಕಿಸುವ ಯೋಚನೆ ನಿಮಗಿದ್ದರೆ ದಯವಿಟ್ಟು ಬಿಟ್ಟುಬಿಡಿ. ಬಳೆಯಲ್ಲಿ ಮರೆಯಾಗುವ ಗೀರು ಪೆನ್ನಿನ ಮೇಲೆ ಶಾಶ್ವತವಾಗಿ ಉಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಎಕ್ಸ್-ರೇ ಹಾಯಿಸಿ ಲೋಹದ ಪಾಲನ್ನು ಅಳೆಯುವ ಯಂತ್ರಗಳಿವೆ. ಅದರಿಂದ ವಸ್ತುವಿಗೆ ಹಾನಿಯಿಲ್ಲ. ಆದರೆ ಆ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರವಾದ್ದರಿಂದ, ದಪ್ಪನಾಗಿ ಗಿಲೀಟು ಮಾಡಿದ ವಸ್ತುವೂ ಅದರ ಕಣ್ಣಿಗೆ ಮಣ್ಣೆರಚಬಲ್ಲದು. ನಾನು ಮಾಡುವ ಪರೀಕ್ಷೆ ಸರಳ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು, ಕ್ಯಾಪಿನ ಬಾಯಂಚನ್ನೂ, ಕ್ಲಿಪ್ಪಿನ ತುದಿ ಸದಾ ಉಜ್ಜುವ ಜಾಗವನ್ನೂ ನೋಡುವುದು. ಗಿಲೀಟಾಗಿದ್ದರೆ ಅಲ್ಲೇ ಮೊದಲು ಹಳದಿಯೋ ಕೆಂಪೋ ಬಣ್ಣದ ಒಳಲೋಹ ಇಣುಕುತ್ತದೆ. ಕ್ಲಿಪ್ಪಿಗೂ ಚಿನ್ನದ ಗಿಲೀಟು ಇರುವುದರಿಂದ ಅದು ಸವೆದಿದ್ದರೆ ಗಾಬರಿ ಬೇಡ. ಅದು ಬೇರೆ ಲೋಹ, ಬೇರೆ ಕಥೆ.

ನಿಮಗೆ ಸಿಕ್ಕಿರುವ ಮಾದರಿಯ ಬಗ್ಗೆ ನಾಲ್ಕು ಮಾತು. 1888ರಲ್ಲಿ ಸ್ಥಾಪನೆಯಾದ ಪಾರ್ಕರ್ ಕಂಪನಿಗೆ 75 ವರ್ಷ ತುಂಬಿದ್ದರ ನೆನಪಿಗೆ ಆ ಹೆಸರು ಬಂತು. ಮೊದಲಿಗೆ ಅದನ್ನು 25 ಡಾಲರಿಗೆ ಮಾರಲಾಯಿತು. ಅಮೆರಿಕದ ಜೇನ್ಸ್‌ವಿಲ್‌ನಲ್ಲಿ ಆರಂಭವಾದ ತಯಾರಿಕೆ ಮುಂದೆ ಫ್ರಾನ್ಸಿಗೂ ಹೋಯಿತು. ಹಿಡಿಕೆಯ ತುದಿಯಲ್ಲಿರುವ ಸಣ್ಣ ಲೋಹದ ಬಳೆಯ ಮೇಲೆ ಗುರುತುಗಳಿವೆ. ನಿಬ್ಬನ್ನು ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳಲು ಅದು ಅಳತೆಪಟ್ಟಿ. ಮೊದಮೊದಲ ಪೆನ್ನುಗಳ ಬಳೆಯಲ್ಲಿ ಸೊನ್ನೆಯ ಗುರುತೂ ಇತ್ತು. ಸಂಗ್ರಾಹಕರು ಅದನ್ನು ಕಂಡರೆ ಬೆಲೆ ಏರಿಸುತ್ತಾರೆ. ಬರೆಯುವವರಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. 1715ರಲ್ಲಿ ಮುಳುಗಿದ ಸ್ಪೇನಿನ ಹಡಗುಗಳಿಂದ ಮೇಲೆತ್ತಿದ ಬೆಳ್ಳಿಯಿಂದ 1965ರಲ್ಲಿ ತಯಾರಾದ 4,821 ಪೆನ್ನುಗಳೂ ಇದೇ ಮಾದರಿಯವು. ಯಾರಾದರೂ ನಿಮಗೆ ಅದನ್ನು ಅಗ್ಗದಲ್ಲಿ ಕೊಡುತ್ತೇನೆಂದರೆ ಕಾಫಿ ಕುಡಿದು ಎದ್ದುಬನ್ನಿ.

ಈಗ ಮುಖ್ಯವಾದ ಪರೀಕ್ಷೆ. ಮಾರುವವರ ಮನೆಗೆ ಹೋಗುವಾಗ ಒಂದು ಬಾಟಲಿ ಸಾದಾ ನೀಲಿ ಇಂಕು, ನೀವು ದಿನವೂ ಬಳಸುವ ಕಾಗದ ಮತ್ತು ಒದ್ದೆ ಬಟ್ಟೆಯನ್ನು ಒಯ್ಯಿರಿ. ಅನುಮತಿ ಕೇಳಿ ನಿಬ್ಬನ್ನಷ್ಟೇ ಅದ್ದಿ, ಇಂಗ್ಲಿಷಿನಲ್ಲಿ ಸಹಿ ಹಾಕುವ ಬದಲು ಕನ್ನಡದಲ್ಲಿ ಬರೆಯಿರಿ. ಇದನ್ನು ಅಭಿಮಾನಕ್ಕಾಗಿ ಹೇಳುತ್ತಿಲ್ಲ. ಬಲಕ್ಕೆ ವಾಲಿದ ಇಂಗ್ಲಿಷ್ ಕೈಬರಹದಲ್ಲಿ ನಿಬ್ಬು ಹೆಚ್ಚಾಗಿ ಒಂದೆರಡು ದಿಕ್ಕಿನಲ್ಲೇ ಎಳೆಯಲ್ಪಡುತ್ತದೆ. ಹಿಂದಿನ ಒಡೆಯರು ಮೂವತ್ತು ವರ್ಷ ಹಾಗೆ ಬರೆದಿದ್ದರೆ ತುದಿ ಆ ಕೋನಕ್ಕೇ ಸವೆದು, ಒಂದು ಮಗ್ಗುಲಿಗೆ ಚಪ್ಪಟೆಯಾಗಿರುತ್ತದೆ. ಕನ್ನಡದ ಅಕ್ಷರಗಳಾದರೋ ದುಂಡು. ‘ಠ’ ಬರೆಯುವಾಗ ನಿಬ್ಬು ಪೂರ್ತಿ ಸುತ್ತುತ್ತದೆ, ‘ಣ’ ಮತ್ತು ‘ಳ’ಗಳಲ್ಲಿ ಕೆಳಗಿಳಿದು ಮತ್ತೆ ತಿರುಗಿ ಏರುತ್ತದೆ, ತಲೆಕಟ್ಟಿನ ಕೊನೆಯಲ್ಲಿ ಕಾಗದದ ಮೇಲೆ ಮೇಲ್ಮುಖವಾಗಿ ತಳ್ಳಿಸಿಕೊಳ್ಳುತ್ತದೆ. ನಿಬ್ಬಿನ ಎರಡು ಕವಲುಗಳಲ್ಲಿ ಒಂದು ಕೂದಲೆಳೆಯಷ್ಟು ಮೇಲಿದ್ದರೂ ಈ ತಳ್ಳುವ ಗೆರೆಯಲ್ಲಿ ಕಾಗದದ ನಾರು ಎದ್ದು ಬರುತ್ತದೆ, ಕಿವಿಗೆ ಕರಕರ ಶಬ್ದವೂ ಕೇಳಿಸುತ್ತದೆ. ಕವಲು ಮೇಲೆ ಕೆಳಗಾಗಿರುವುದನ್ನು ಅನುಭವಿಗಳು ಸರಿಮಾಡಬಲ್ಲರು. ನಿಬ್ಬಿನ ಸೀಳಿನ ಬುಡದಿಂದ ಹೊಸ ಬಿರುಕು ಹೊರಟಿದ್ದರೆ, ಅಥವಾ ತುದಿಯ ಗಟ್ಟಿ ಚುಕ್ಕೆ ಪೂರ್ತಿ ಸವೆದು ಚಿನ್ನವೇ ಕಾಗದಕ್ಕೆ ತಾಗುತ್ತಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ನಾನಾದರೆ ಕೊಳ್ಳುವುದಿಲ್ಲ.

ಇಂಕು ತುಂಬುವ ವ್ಯವಸ್ಥೆಯ ವಿಷಯದಲ್ಲಿ ನೀವು ಅದೃಷ್ಟವಂತರು. ಈ ಮಾದರಿಗೆ ರಬ್ಬರ್ ಚೀಲ ಅಂಟಿಸುವ ರಗಳೆಯಿಲ್ಲ. ಪಾರ್ಕರ್ ಕಾರ್ಟ್ರಿಜ್ (ಇಂಕು ತುಂಬಿಕೊಂಡೇ ಬರುವ ಕೊಳವೆ) ಅಥವಾ ಕನ್ವರ್ಟರ್ (ಬಾಟಲಿಯಿಂದ ಇಂಕು ಹೀರಿಕೊಳ್ಳುವ ಕೊಳವೆ) ಸಾಕು. ಒಣಗಿದ ಹಳೆಯ ಇಂಕನ್ನು ತೆಗೆಯಲು ನಿಬ್ಬಿನ ಭಾಗವನ್ನು ಮಾತ್ರ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೀರು ತಿಳಿಯಾಗುವವರೆಗೂ ಬದಲಿಸುತ್ತಿರಿ. ಬಳಿಕ ತೊಳೆದರೆ ಹೋಗುವ ಸಾದಾ ಇಂಕನ್ನೇ ಬಳಸಿ. ಚಿತ್ರಕಾರರ ‘ಇಂಡಿಯನ್ ಇಂಕ್’ ಒಣಗಿ ಅರಗಿನಂತಾಗುತ್ತದೆ, ಅದನ್ನು ಹತ್ತಿರಕ್ಕೂ ತರಬೇಡಿ.

ದಿನವೂ ಬರೆಯಬಹುದೇ ಎಂದಿರಿ. ಬರೆಯಲೇಬೇಕು. ಪೆಟ್ಟಿಗೆಯಲ್ಲಿಟ್ಟ ಬೆಳ್ಳಿ ಕಪ್ಪಾಗುತ್ತದೆ, ಕೈಯಲ್ಲಿರುವ ಬೆಳ್ಳಿ ಬೆರಳುಗಳ ಉಜ್ಜಾಟದಿಂದಲೇ ತಿಳಿಯಾಗಿರುತ್ತದೆ, ನಿತ್ಯ ಬಳಕೆಯ ಚೊಂಬಿಗೂ ಅಟ್ಟದ ಮೇಲಿನ ಚೊಂಬಿಗೂ ಇರುವ ವ್ಯತ್ಯಾಸದಂತೆ.

ಪ್ರಶ್ನೆ: ತಾತನ ಬೆಳ್ಳಿ ಪೆನ್ನು ಪೂರ್ತಿ ಕಪ್ಪಾಗಿದೆ. ಅಮ್ಮ ವಿಭೂತಿ ಹಾಕಿ ಉಜ್ಜು ಎನ್ನುತ್ತಾರೆ, ಸ್ನೇಹಿತರು ಟೂತ್‌ಪೇಸ್ಟ್ ಎನ್ನುತ್ತಾರೆ. ಯಾವುದು ಸರಿ? (ಮಲ್ಲೇಶ್ವರದ ಓದುಗರೊಬ್ಬರು)

ಉತ್ತರ: ಇಬ್ಬರಲ್ಲಿ ನಿಮ್ಮ ತಾಯಿಯವರೇ ಮೇಲು, ಆದರೆ ಪೆನ್ನಿಗೆ ಎರಡೂ ಬೇಡ. ಆ ಕಪ್ಪು ಬೆಳ್ಳಿ ಮತ್ತು ಗಾಳಿಯಲ್ಲಿರುವ ಗಂಧಕದ ಅಂಶಗಳು ಕೂಡಿ ಆಗುವ ತೆಳು ಪದರ. ವಿಭೂತಿ ಮೃದುವಾಗಿ ತಿಕ್ಕುತ್ತದೆ ನಿಜ, ಆದರೆ ಕೆತ್ತನೆಯ ಸಂದುಗಳಲ್ಲೂ ಕ್ಲಿಪ್ಪಿನ ಬುಡದಲ್ಲೂ ಸೇರಿಕೊಂಡು ಹೊರಬರುವುದಿಲ್ಲ. ಟೂತ್‌ಪೇಸ್ಟ್ ಗೀರು ಎಬ್ಬಿಸುತ್ತದೆ. ಕಳೆದ ವರ್ಷ ಒಬ್ಬರು ತಂದಿದ್ದ ಚೌಕುಳಿ ಪೆನ್ನಿನ ಗೆರೆಗಳ ಅಂಚು, ಹೀಗೆ ಉಜ್ಜಿ ಉಜ್ಜಿ, ಸವೆದ ನಾಣ್ಯದಂತೆ ನುಣ್ಣಗಾಗಿತ್ತು. ಸಂದಿನ ಕಪ್ಪು ಪೂರ್ತಿ ಹೋಗಿದ್ದರಿಂದ ವಿನ್ಯಾಸವೇ ಕಣ್ಣಿಗೆ ಹಿಡಿಯುತ್ತಿರಲಿಲ್ಲ. ತಗ್ಗಿನಲ್ಲಿ ಕಪ್ಪು ಉಳಿದು ಉಬ್ಬು ಮಾತ್ರ ಹೊಳೆಯಬೇಕು, ಕೆತ್ತನೆಯ ಅಂದ ಇರುವುದೇ ಅದರಲ್ಲಿ. ಹುಣಸೆ, ನಿಂಬೆ ಹಿತ್ತಾಳೆ ಪಾತ್ರೆಗಿರಲಿ. ಅದ್ದಿ ತೆಗೆಯುವ ರಾಸಾಯನಿಕ ದ್ರಾವಣಗಳು ಸಂದುಗಳಿಗೆ ಇಳಿದು ಒಳಗಿನ ಭಾಗಗಳಿಗೆ ತಾಗುತ್ತವೆ. ಬೆಳ್ಳಿ ಒರೆಸಲೆಂದೇ ಬರುವ ಬಟ್ಟೆಯಿಂದ, ಅದಿಲ್ಲದಿದ್ದರೆ ಹಳೆಯ ಹತ್ತಿ ಪಂಚೆಯ ತುಂಡಿನಿಂದ, ಪೆನ್ನಿನ ಉದ್ದಕ್ಕೆ ನಿಧಾನವಾಗಿ ಒರೆಸಿ, ತುಸು ಬೆಳಕು ಬಂದೊಡನೆ ನಿಲ್ಲಿಸಿ.

ಇನ್ನೊಂದು ಎಚ್ಚರಿಕೆ ನನ್ನದೇ ಪೆಟ್ಟಿನಿಂದ ಕಲಿತದ್ದು. ತಾತನ ಕಾಲದ ಪೆನ್ನುಗಳಲ್ಲಿ ಬೆಳ್ಳಿಯ ಜಾಲರಿಯ ಕೆಳಗಿರುವುದು ಅನೇಕ ವೇಳೆ ಎಬೊನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಅನುಭವವಿಲ್ಲದ ದಿನಗಳಲ್ಲಿ ಅಂಥದ್ದೊಂದನ್ನು ಬಿಸಿನೀರಿನ ಲೋಟಕ್ಕೆ ಹಾಕಿ ಪತ್ರಿಕೆ ಓದುತ್ತ ಕುಳಿತೆ. ತೆಗೆದಾಗ ಕಡುಗಪ್ಪು ಮೈ ಹಸಿರು ಬೆರೆತ ಕಂದಾಗಿತ್ತು, ಮೊದಲಿನ ಬಣ್ಣ ಮರಳಲೇ ಇಲ್ಲ. ಪೆನ್ನನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಡಬೇಡಿ, ಉಣ್ಣೆಯ ಬಟ್ಟೆಯಲ್ಲಿ ಸುತ್ತಬೇಡಿ, ಎರಡರಲ್ಲೂ ಗಂಧಕವಿದೆ. ಸನ್ನೆಕಡ್ಡಿ ಇರುವ ಪೆನ್ನಾದರೆ ಅದನ್ನು ಬಲವಂತದಿಂದ ಎತ್ತಲೂಬೇಡಿ. ಒಳಗಿನ ರಬ್ಬರ್ ಚೀಲ ಇಷ್ಟರಲ್ಲಿ ಕಲ್ಲಾಗಿರುತ್ತದೆ. ಬದಲಾಯಿಸುವುದು ತಿಳಿದವರ ಕೈಯಲ್ಲಿ ಸಣ್ಣ ಕೆಲಸ.

ಪ್ರಶ್ನೆ: ಕೊಂಡ ಬೆಳ್ಳಿ ಪೆನ್ನಿನ ಮೇಲೆ ಬೇರೆ ಯಾರದೋ ಹೆಸರಿನ ಮೊದಲಕ್ಷರಗಳಿವೆ. ಅಳಿಸಬಹುದೇ? (ರಾಜಾಜಿನಗರದ ಓದುಗರೊಬ್ಬರು)

ಉತ್ತರ: ಬೇಡ. ಅಕ್ಷರ ಹೋಗುವಷ್ಟು ಉಜ್ಜಿದರೆ ಆ ಜಾಗದ ಬೆಳ್ಳಿ ಕಾಗದದಂತಾಗಿ, ಸ್ವಲ್ಪ ಒತ್ತಿದರೂ ನೆಗ್ಗುತ್ತದೆ. ಅಕ್ಷರ ಕೆತ್ತಿದ ಪೆನ್ನು ಸಂಗ್ರಾಹಕರಿಗೆ ಬೇಡವಾಗುವುದರಿಂದ ಬೆಲೆ ಕಡಿಮೆಯಿರುತ್ತದೆ, ಬರೆಯಲೆಂದೇ ಕೊಳ್ಳುವ ನಾನು ಅಂಥವನ್ನೇ ಹುಡುಕುತ್ತೇನೆ. ನನ್ನ ಜೇಬಿನಲ್ಲಿರುವುದರ ಮೇಲೂ ಯಾರೋ ಗೊತ್ತಿಲ್ಲದವರ ಮೂರು ಅಕ್ಷರಗಳಿವೆ.